ಹಳದಿ ಪಟ್ಟಿಯ ಮೇಲಿನ ನಂಬರ್

ವಿಮಾನ ನಗರ ಬಡಾವಣೆಯಲ್ಲಿ ಪ್ರತಿವರ್ಷ ನಡೆಯುವ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಮೇಳಕ್ಕೆ ವೇಷ ತೊಟ್ಟು ಮಕ್ಕಳು ಬಹಳ ಬರುತ್ತಾರೆ. ಗೇಟಿನಲ್ಲೇ ಅವರ ಕೈಗೆ ಹಳದಿ ಪಟ್ಟಿ ಕಟ್ಟಿ, ಅದರ ಮೇಲೆ ಮನೆಯವರ ಫೋನ್ ನಂಬರ್ ಬರೆಯುತ್ತಾರೆ. ಮೂರು ವರ್ಷದ ಹಿಂದೆ ಅಲ್ಲಿ ಒಬ್ಬ ಆರಡಿ ಗಂಡಸು, ಕಂಕುಳಲ್ಲಿ ಮರದ ಕತ್ತಿ ಇಟ್ಟುಕೊಂಡು, ತನಗೂ ಪಟ್ಟಿ ಬೇಕೆಂದು ಹಟ ಹಿಡಿದಿದ್ದ. ಹಿಂದೆ ನಿಂತು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ನನ್ನ ಕಡೆ ತಿರುಗಿ, "ಕನ್ನಡದವ್ರೇನ್ರಿ? ನಿಮ್ಮ ನಂಬರ್ ಹೇಳ್ರಿ. ನಾ ಭಾಳ ಕಳದ್ ಹೋಗ್ತೀನಿ" ಎಂದ.

ಆ ಕಣ್ಣಿನ ತುಂಟತನ ನೋಡಿ ಹೇಳಿಬಿಟ್ಟೆ. ಅವನೇ ಋಷಿಕೇಶ.

ಈ ವರ್ಷ ಅದೇ ಮೇಳದಲ್ಲಿ ಅವನನ್ನು ಹುಚ್ಚಿಯ ಹಾಗೆ ಹುಡುಕುತ್ತಿದ್ದೆ.

ತಪ್ಪು ನನ್ನದೇ. ನಾಲ್ಕು ತಿಂಗಳ ಹಿಂದೆ, ಬೆಳಗಾವಿಯಿಂದ ಬರುವ ಅಪ್ಪನಿಗೆ ಪರಿಚಯ ಮಾಡಿಸುತ್ತೇನೆಂದು ನಾನೇ ಅವನನ್ನು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್ಸಿಳಿದ ಅಪ್ಪನ ಬ್ಯಾಗನ್ನು ಅವನು ಓಡಿಹೋಗಿ ಇಸಿದುಕೊಂಡ.

"ಯಾರವ್ವಾ ಇವ್ರು? ನಿನಗೇನಾಗಬೇಕು?" ಅಪ್ಪ ಕೇಳಿದರು.

ನನ್ನ ನಾಲಿಗೆ ಬಿದ್ದುಹೋಗಲಿ! "ಯಾರೋ ಏನೋ ಅಪ್ಪಾ, ಬ್ಯಾಗ್ ಹಿಡಕೊಟ್ರು" ಎಂದೆ. ಅವನು ಬ್ಯಾಗನ್ನು ಆಟೋದಲ್ಲಿಟ್ಟು, ನನ್ನನ್ನು ಒಮ್ಮೆ ನೋಡಿ ಹೊರಟುಹೋದ. ಅವತ್ತಿನಿಂದ ಅವನ ಫೋನಿನಲ್ಲಿ ನನ್ನ ನಂಬರ್ ಬ್ಲಾಕ್.

ಮಕ್ಕಳು ಕಳೆದುಹೋದರೆ ಮೈಕಿನಲ್ಲಿ ಕೂಗುವ ಟೇಬಲ್ಲಿನಲ್ಲಿ ನಮ್ಮಿಬ್ಬರ ಗೆಳತಿ ಶೀತಲ ಕೂತಿದ್ದಳು. ಅವಳಿಗೆ ಅವನ ಮೆಸೇಜ್ ಬಂದಿತ್ತು. "ಗುವಾಹಾಟಿಗೆ ಬದಲಿ ಆಗೇದಂತ. ಇವತ್ತ ಸಂಜಿ ವಿಮಾನ. ಮೇಳ ಒಮ್ಮಿ ನೋಡಿ, ನಾಲ್ಕಕ್ಕ ಹೋಗ್ತಾನಂತ."

ಎರಡು ಗಂಟೆ ಸುತ್ತಿದೆ. ಎದುರಾದ ಪ್ರತಿ ಮುಖವಾಡದೊಳಗೆ ಇಣುಕಿ, ಬೈಸಿಕೊಂಡೆ. ಶೀತಲಳ ಫೋನನ್ನೂ ಅವನು ಎತ್ತಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಟೇಬಲ್ಲಿಗೆ ಬಂದು ಬಿದ್ದೆ.

"ಮೈಕ್ ಕೊಡ."

"ಹುಚ್ಚಿ, ಇದು ಸಣ್ಣ ಹುಡುಗೂರಿಗೆ ಅಷ್ಟ."

"ನಿನ್ನ ಕಾಲಿಗೆ ಬೀಳ್ತೀನಿ ಶೀತಲ."

ನನ್ನ ಮುಖ ನೋಡಿ ಅವಳು ಫಾರ್ಮ್ ಎಳೆದುಕೊಂಡಳು. "ಕಳದಾವನ ಹೆಸರು?"

"ಋಷಿಕೇಶ."

"ವಯಸ್ಸು?"

"ಇಪ್ಪತ್ತೊಂಬತ್ತು."

"ನಿನಗೇನಾಗಬೇಕು?"

ಅದೇ ಪ್ರಶ್ನೆ. ಅಣ್ಣನ ಮಗಳಿಗೆ ಮೇಳ ತೋರಿಸಲು ಊರಿಂದ ಬಂದಿದ್ದ ಅಪ್ಪ ಅಲ್ಲೇ, ಅವಳ ಜೊತೆ ಚಿತ್ರ ಬಿಡಿಸುವ ಮೂಲೆಯಲ್ಲಿದ್ದರು. ಸ್ಪೀಕರ್ ಅವರ ತಲೆಯ ಮೇಲೇ ಇತ್ತು. ಮೈಕ್ ಕಸಿದು ಬಾಯಿಗೆ ಹಿಡಿದೆ.

"ಋಷಿ, ನಾ ಶಿವಾನಿ. ಅಪ್ಪಾ, ನೀವೂ ಕೇಳ್ರಿ. ಸ್ವಾರಗೇಟನ್ಯಾಗ ನಾ ಸುಳ್ಳ ಹೇಳಿದ್ನಿ. ಇಂವಾ ಯಾರೋ ಅಲ್ರಿ. ನನ್ನ ಮದುವಿ ಆಗಾಂವ. ನಿಮಗ ಹೆದರಿ ಇವನ್ನ ಕಳಕೊಂಡೀನಿ. ಋಷಿ, ಹೋಗಬ್ಯಾಡೋ."

ಕನ್ನಡ ತಿಳಿಯದ ಒಂದಿಷ್ಟು ಮರಾಠಿ ಹುಡುಗರು ಇದು ಯಾವುದೋ ಅನಿಮೆಯ ಜಪಾನಿ ಡೈಲಾಗ್ ಎಂದುಕೊಂಡು ಚಪ್ಪಾಳೆ ತಟ್ಟಿದರು.

ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ಮೊದಲು ಬಂದದ್ದು ಅಪ್ಪ. ಮೊಮ್ಮಗಳನ್ನು ಎತ್ತಿಕೊಂಡು ನಿಂತರು. ನಾನು ತಲೆ ಎತ್ತಲಿಲ್ಲ. ಎಲ್ಲ ಮುಗಿಯಿತು ಅನ್ನಿಸಿ ಅಳು ಒತ್ತರಿಸಿ ಬಂತು.

"ಕಳದಾವ ಬಂದೀನಿ."

ಬೆನ್ನಿಗೆ ಬ್ಯಾಗ್, ಕೆಂಪಾದ ಕಣ್ಣು. ಗೇಟು ದಾಟಿ ರಸ್ತೆಗಿಳಿದವನು, ಮೈಕಿನಲ್ಲಿ ನನ್ನ ದನಿ ಕೇಳಿಯೂ ಒಂದಿಷ್ಟು ದೂರ ಹೋಗಿ, ತಿರುಗಿ ಓಡಿಬಂದಿದ್ದ.

ಎದ್ದೆ. ಶೀತಲ ಕೈ ಅಡ್ಡ ಹಿಡಿದಳು. "ತಡಿ. ಪಟ್ಟಿ ನೋಡಲಾರದ ಯಾರನ್ನೂ ಕೊಡೂದಿಲ್ಲ."

ಅವನು ನಾಚಿ ಕೈ ಹಿಂದೆ ಮಾಡಿಕೊಂಡ. ಅವಳು ಬಿಡದೆ ಅಂಗಿಯ ತೋಳು ಸರಿಸಿದಳು. ಅಲ್ಲಿ ಹಳದಿ ಪಟ್ಟಿ, ಇವತ್ತು ಬೆಳಿಗ್ಗೆ ಕಟ್ಟಿಸಿಕೊಂಡದ್ದು. ನಂಬರ್ ಓದಿ ಅವಳು ಫೋನ್ ಹಚ್ಚಿದಳು.

ನನ್ನ ಕೈಯಲ್ಲಿದ್ದ ಫೋನ್ ರಿಂಗಾಯಿತು.

ಅಪ್ಪ ಫೋನನ್ನು ನೋಡಿದರು, ಅವನನ್ನು ನೋಡಿದರು.

"ಅವತ್ತ ಬ್ಯಾಗ್ ಹಿಡದಾವ್ರು ನೀವ ಅಲ್ಲೇನ್ರಿ?"

"ಹೌದ್ರಿ."

"ಇಕೀ ಕೂಡ ನಾ ಆಮ್ಯಾಲ ಮಾತಾಡ್ತೀನಿ" ಎಂದು ಅಪ್ಪ ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಅವನ ಬೆನ್ನ ಮೇಲಿದ್ದ ಬ್ಯಾಗಿಗೆ ಕೈ ಹಾಕಿದರು. "ತರ್ರಿಲ್ಲೆ, ಹಿಡೀತೀನಿ. ಅವತ್ತ ನಿಮಗ ಒಂದ್ ಕಪ್ ಚಹಾ ಸುದ್ದಾ ಕೇಳಲಿಲ್ಲ ನಾವು."