ಒಟ್ರಾಂಟೊದಲ್ಲಿ ಹೇಳಿದ ನಿಜ

“ನಮಸ್ಕಾರ. ನಿಮ್ಮ ಟೂರ್ ಮ್ಯಾನೇಜರ್‌ಗೆ ಹುಷಾರಿಲ್ಲ. ಹಾಗಾಗಿ ಇವತ್ತಿಂದ ನಾನೇ ನಿಮ್ಮ ಗೈಡು. ನನ್ನ ಹೆಸರು ಕನಕರಾಜು.”

ಅಮ್ಮನ ಶೂ ಲೇಸು ಕಟ್ಟಲು ಬಗ್ಗಿದ್ದ ಸ್ನೇಹಲತಾ ಹಾಗೇ ಉಳಿದುಬಿಟ್ಟಳು.

ತಲೆ ಎತ್ತುವ ಧೈರ್ಯ ಬರಲಿಲ್ಲ. ಈ ದನಿ... ಇಲ್ಲಿ? ಇಟಲಿಯ ಮೂಲೆಯ ಈ ಕಡಲೂರಿನಲ್ಲಿ?

“ಏನ್ ಮಗ, ಗಂಟು ಬೀಳ್ಲಿಲ್ವಾ? ಏಳು, ಎಲ್ರೂ ಒಳೀಕೆ ಓಯ್ತಾವ್ರೆ,” ಎಂದರು ಕಾಮಾಕ್ಷಮ್ಮ.

ಎದ್ದಳು. ಎದುರಿಗೇ ನಿಂತಿದ್ದ. ಕಿವಿಯ ಪಕ್ಕ ಕೂದಲು ನೆರೆತಿತ್ತು, ಮುಖ ಬಿಸಿಲಿಗೆ ಕಂದಿತ್ತು. ಆದರೆ ಅವನೇ! ಅವನ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಕೈಲಿದ್ದ ಹೆಸರಿನ ಪಟ್ಟಿಗೆ ಇಳಿಯಿತು.

“ಸ್ನೇಹಲತಾ ಮೇಡಂ, ಹೊಳೆನರಸೀಪುರ. ಹಿಸ್ಟರಿ ಲೆಕ್ಚರರ್... ಸರಿ, ಬನ್ನಿ.”

ಮೇಡಂ ಅಂತೆ!

ಒಟ್ರಾಂಟೊದ ಆ ಹಳೆಯ ಚರ್ಚಿನ ನೆಲದ ತುಂಬ ಬಣ್ಣಬಣ್ಣದ ಕಲ್ಲಿನ ಚೂರುಗಳಲ್ಲಿ ಜೋಡಿಸಿದ ಚಿತ್ರ. ಬಾಗಿಲಿನಿಂದ ಒಳಗಿನ ತನಕ ಒಂದು ದೊಡ್ಡ ಮರ ಚಾಚಿಕೊಂಡಿತ್ತು. ಹಾಸನ, ಚನ್ನರಾಯಪಟ್ಟಣದ ಕಡೆಯಿಂದ ಬಂದಿದ್ದ ಇಪ್ಪತ್ತೆಂಟು ಜನ ಬಗ್ಗಿ ಬಗ್ಗಿ ನೋಡಿದರು.

“ಮರದ ಬುಡ ನೋಡಿ,” ಎಂದ ಕನಕರಾಜು. “ಎರಡು ಆನೆ ಹೊತ್ತಿವೆ. ನಮ್ಮ ಹಳೇಬೀಡಿನ ಗೋಡೆ ಬುಡದಲ್ಲೂ ಆನೆ ಸಾಲು ಇಲ್ವಾ? ಹೆಚ್ಚುಕಮ್ಮಿ ಅದೇ ಕಾಲದ್ದು ಇದು. ಅಲ್ಲಿ ನಮ್ಮೋರು ಕಲ್ಲು ಕೆತ್ತುತಾ ಇದ್ದಾಗ ಇಲ್ಲೊಬ್ಬ ಸನ್ಯಾಸಿ ಈ ಚೂರು ಜೋಡಿಸ್ತಾ ಕೂತಿದ್ದ.”

ಜನ ಚಪ್ಪಾಳೆ ತಟ್ಟಿದರು. ಸ್ನೇಹಲತಾ ತಟ್ಟಲಿಲ್ಲ. ಆನೆ ಸಾಲು ಎಣಿಸುವುದನ್ನು ಅವಳಿಗೆ ಕಲಿಸಿದ್ದೇ ಅವನು.

ಬಲಗಡೆಯ ಕೋಣೆಗೆ ಹೋದಾಗ ಕಾಮಾಕ್ಷಮ್ಮ ಮಗಳ ತೋಳು ಹಿಡಿದುಕೊಂಡರು. “ಅಯ್ಯೋ ಶಿವನೇ! ಗಾಜಿನ ಬೀರೂಲಿ ತಲೆಬುರುಡೆ ಮಡಗವ್ರಲ್ಲ!”

“ಎಂಟು ನೂರು ಜನರದ್ದು ಅಂತಾರೆ ಅಮ್ಮ,” ಎಂದ ಅವನು ಮೆಲ್ಲಗೆ. “ಐನೂರೈವತ್ತು ವರ್ಷದ ಹತ್ತಿರ ಆಯ್ತು. ಸಮುದ್ರ ದಾಟಿ ಬಂದ ಸೈನ್ಯ ಊರು ಹಿಡೀತು. ನಿಮ್ಮ ದೇವರನ್ನ ಬಿಡ್ತೀರಾ ಅಂತ ಇವರನ್ನ ಕೇಳಿದ್ರಂತೆ. ಹ್ಞೂಂ ಅಂದಿದ್ರೆ ಜೀವ ಉಳೀತಿತ್ತು. ಅನ್ನಲಿಲ್ಲ.”

ಸ್ನೇಹಲತಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಿರಬಿರನೆ ಹೊರಗೆ ಬಂದು ಬಿಸಿಲಲ್ಲಿ ನಿಂತಳು.

ನನ್ನನ್ನೂ ಒಂದೇ ಒಂದು ಪ್ರಶ್ನೆ ಕೇಳಿದ್ದರಲ್ಲ... ಕತ್ತಿ ಹಿಡಿದೇನೂ ಕೇಳಿರಲಿಲ್ಲ!

ಹದಿನಾಲ್ಕು ವರ್ಷದ ಹಿಂದೆ ಅವಳು ಹಾಸನದಲ್ಲಿ ಎಂ.ಎ. ಓದುತ್ತಿದ್ದಳು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನದ ಮೇಲೆ ಪ್ರಬಂಧ ಬರೆಯಬೇಕಿತ್ತು. ಬಂದವರಿಗೆ ಗುಡಿ ತೋರಿಸುತ್ತಿದ್ದ ಆ ಊರಿನ ಹುಡುಗ ಕನಕರಾಜು ಅವಳಿಗೂ ತೋರಿಸಿದ. ಒಂದು ದಿನದ ಕೆಲಸ ಒಂದು ವರ್ಷ ನಡೆಯಿತು. ಅವನ ತಾಯಿ ಬೀರಮ್ಮ ಕುರಿ ಸಾಕಿ ಮಗನನ್ನು ಓದಿಸಿದವಳು. ಇವಳ ತಂದೆ ಪುಟ್ಟರಾಜು ಹಳ್ಳಿಮೈಸೂರಿನ ದೊಡ್ಡ ಜಮೀನುದಾರರು.

“ಪರೀಕ್ಷೆ ಮುಗೀಲಿ ಕನಕ. ನಾನೇ ಅಪ್ಪನಿಗೆ ಹೇಳ್ತೀನಿ,” ಎಂದಿದ್ದಳು.

ಅವನು ಕಾಯಲಿಲ್ಲ. ಇವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಯಾರೋ ಹೇಳಿದರು. ಮರುದಿನವೇ ತಾಯಿಯನ್ನು ಕರೆದುಕೊಂಡು ಮನೆ ಬಾಗಿಲಿಗೆ ಬಂದುಬಿಟ್ಟ.

ಜಗಲಿಯ ಮೇಲೆ ಊರಿನ ಏಳೆಂಟು ಯಜಮಾನರು ಕೂತಿದ್ದರು. ಬೀರಮ್ಮ ಒಡೆದ ಬರಿಗಾಲಲ್ಲಿ, ಕುರಿಹಟ್ಟಿಯ ವಾಸನೆಯ ಮಾಸಿದ ಸೀರೆಯಲ್ಲಿ, ತೆಂಗಿನಕಾಯಿ ಎಲೆ ಅಡಿಕೆಯ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಜಗಲಿಯಲ್ಲಿ ಯಾರೋ ಕಿಸಕ್ಕೆಂದರು.

ಪುಟ್ಟರಾಜು ಮಗಳನ್ನು ಕರೆದರು. “ಈ ಹುಡುಗ ನಿಂಗೆ ಗೊತ್ತಾ ಮಗ?”

ಅವಳು ಕನಕರಾಜುವನ್ನು ನೋಡಲಿಲ್ಲ. “ಗೊತ್ತಿಲ್ಲಪ್ಪ... ದೊಡ್ಡಗದ್ದವಳ್ಳೀಲಿ ಗುಡಿ ತೋರ್ಸೋ ಗೈಡು ಇರಬೇಕು.”

ಬೀರಮ್ಮ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ತಪ್ಪಾಯ್ತು ಸಾ. ಮನೆ ತಪ್ಪಿ ಬಂದ್ಬುಟ್ವಿ,” ಎಂದು ಮಗನ ಕೈ ಹಿಡಿದು ಹೊರಟುಹೋದಳು.

ಅಷ್ಟೇ. ಕನಕರಾಜು ಮತ್ತೆ ಬರಲಿಲ್ಲ. ಅವಳೂ ಹುಡುಕಲಿಲ್ಲ, ಯಾವ ಮುಖ ಹೊತ್ತು ಹುಡುಕುವುದು? ಬಂದ ಗಂಡುಗಳಿಗೆಲ್ಲ ಬೇಡವೆಂದಳು. ತೀರಿಕೊಳ್ಳುವ ಹಿಂದಿನ ವರ್ಷ ಅಪ್ಪ ಇದ್ದಕ್ಕಿದ್ದಂತೆ ಕೇಳಿದ್ದರು: “ಅವತ್ತು ಗೊತ್ತು ಅಂದಿದ್ರೆ ಕೂರ್ಸಿ ಮಾತಾಡ್ತಿದ್ನೋ ಏನೋ... ಯಾಕ್ ಮಗ ಸುಳ್ಳೇಳ್ದೆ?”

ಸಂಜೆ ಎಲ್ಲರೂ ಕೋಟೆ ನೋಡಿ ಐಸ್‌ಕ್ರೀಮ್ ತಿನ್ನಲು ಹೋದರು. ಸ್ನೇಹಲತಾ ಕೋಟೆಯ ಪಕ್ಕದ ಬುರುಜಿನ ಮೇಲೆ ನಿಂತಿದ್ದಳು. ಕೆಳಗೆ ಮೀನಿನ ದೋಣಿಗಳು ದಡ ಸೇರುತ್ತಿದ್ದವು.

“ಸ್ನೇಹ.”

ತಿರುಗಿದಳು. ಮೇಡಂ ಅನ್ನಲಿಲ್ಲ ಅವನು!

“ಚೆನ್ನಾಗಿದ್ದೀಯಾ?” ಎಂದ.

“ಇದ್ದೀನಿ... ನೀನು ಇಲ್ಲಿಗೆ ಹೇಗೆ?”

“ಬೇಲೂರಿಗೆ ಬರೋ ಇಟಲಿಯೋರ ಹತ್ರ ಭಾಷೆ ಕಲಿತೆ. ಕಂಪನಿಯೋರು ಕೆಲಸ ಕೊಟ್ರು. ವರ್ಷದಲ್ಲಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅವ್ವನ ಹತ್ರ. ಮದುವೆ ಆಗ್ಲಿಲ್ಲ.”

“ನಾನೂ...”

“ಗೊತ್ತು. ಹಾಸನದಲ್ಲಿ ಕೇಳಿದ್ದೆ.” ಗೋಡೆಗೆ ಒರಗಿದ. “ಒಂದು ಮಾತು ಹೇಳಿಬಿಡ್ತೀನಿ. ನಂಗೆ ನಿನ್ ಮೇಲೆ ಸಿಟ್ಟಿಲ್ಲ. ನಿಮ್ಮಣ್ಣ ಅನಿಲ್‌ಕುಮಾರ್ ಹೆದರಿಸಿರಬೇಕು ಅಂತ ಆಮೇಲೆ ಅರ್ಥ ಆಯ್ತು. ನನ್ನ ಜೀವ ಉಳಿಸೋಕೆ ತಾನೇ ನೀನು ಹಾಗಂದಿದ್ದು?”

ಹೌದು ಅಂದರೆ ಸಾಕು! ಅವನೇ ಬಾಗಿಲು ತೆರೆದು ನಿಂತಿದ್ದಾನೆ. ಒಳಗೆ ಕಾಲಿಟ್ಟರೆ ಮುಗಿಯಿತು, ಕಳೆದುಕೊಂಡದ್ದೆಲ್ಲ ಕೈಗೆ ಬರುತ್ತದೆ...

“ಹೇಳು ಸ್ನೇಹ, ಹೆದರಿದ್ದೆ ತಾನೇ?”

“ಇಲ್ಲ,” ಎಂದಳು. “ಯಾರೂ ಹೆದರಿಸಿರಲಿಲ್ಲ ಕನಕ. ಅಣ್ಣ ಅವತ್ತು ಊರಲ್ಲೇ ಇರಲಿಲ್ಲ. ನಂಗೆ... ನಾಚಿಕೆ ಆಯ್ತು.”

“ನನ್ನ ಕಂಡಾ?”

“ನಿಮ್ಮವ್ವನ್ನ ಕಂಡು. ಅವರ ಕಾಲು, ಸೀರೆ... ಜಗಲೀಲಿ ಯಾರೋ ನಕ್ಕಾಗ, ಇವರು ನನ್ನೋರು ಅಂತ ಹೇಳೋಕೆ ಬಾಯಿ ಬರಲಿಲ್ಲ. ಅದೇ ನಿಜ.”

ಗೋಡೆಗೆ ಒರಗಿದ್ದವನು ನೆಟ್ಟಗೆ ನಿಂತ.

“ಹೆದರಿದ್ದೆ ಅಂದ್ಕೊಂಡೇ ಇಷ್ಟು ವರ್ಷ ಬದುಕಿದ್ದೆ ಸ್ನೇಹ,” ಎಂದ. “ಅದನ್ನೂ ಕಿತ್ಕೊಂಡ್ಯಲ್ಲ.”

ತಿರುಗಿ ನೋಡದೆ ಮೆಟ್ಟಿಲಿಳಿದು ಹೋದ. ಸ್ನೇಹಲತಾ ಅಲ್ಲೇ ಕುಸಿದು ಕೂತಳು.

ಹುಡುಕಿಕೊಂಡು ಬಂದ ಕಾಮಾಕ್ಷಮ್ಮ ಪಕ್ಕದಲ್ಲಿ ಕೂತು ಮಗಳ ತಲೆ ನೇವರಿಸಿದರು. “ಅವ್ನೇ ಅಲ್ವಾ? ಬೆಳಿಗ್ಗೇನೇ ಗುರುತು ಸಿಕ್ತು. ಅವತ್ತು ಅಡಿಗೆಮನೆ ಕಿಟಕೀಲಿ ಎಲ್ಲಾನೂ ನೋಡ್ತಿದ್ದೆ ಕಣ್ ಮಗ. ಆ ಎಣ್ಣೆಂಗ್ಸಿಗೆ ಒಂದ್ ಲೋಟ ನೀರಾದ್ರೂ ಕೊಡ್ಬೇಕಿತ್ತು. ನಾನೂ ಸುಮ್ಕಿದ್ಬುಟ್ಟೆ.”

ತಾಯಿ ಮಗಳು ಅಪ್ಪಿಕೊಂಡು ಅತ್ತರು.

ಮರುದಿನ ಬೆಳಿಗ್ಗೆ ಬಸ್ಸು ಊರಾಚೆಯ ದೀಪಸ್ತಂಭಕ್ಕೆ ಹೋಯಿತು. ಇಟಲಿಯ ಪೂರ್ವದ ಕೊನೆಯ ತುದಿ ಅದು. ಕನಕರಾಜು ಎಂದಿನಂತೆ ಎಲ್ಲರಿಗೂ ವಿವರಿಸಿದ, ಆಕಾಶ ತಿಳಿಯಾಗಿದ್ದರೆ ಆಚೆ ದಡದ ಬೆಟ್ಟಗಳೂ ಕಾಣುತ್ತವೆ ಎಂದು ಕೈ ತೋರಿಸಿದ. ಅವನ ಕಣ್ಣು ಕೆಂಪಾಗಿತ್ತು. ಜನ ಫೋಟೊಗೆ ಚದುರಿದ ಮೇಲೆ ನೇರ ಅವಳ ಹತ್ತಿರ ಬಂದ.

“ನಿಮ್ಮೂರಿಗೆ ಬಸ್ಸು ಹತ್ತೋಕೆ ಮುಂಚೆ ಅವ್ವ ಏನಂದ್ಲು ಗೊತ್ತಾ ಅವತ್ತು? ‘ತಡಿ ಮಗ, ಒಳ್ಳೆ ಸೀರೆ ಉಟ್ಕಂಡ್ ಬತ್ತೀನಿ’ ಅಂದ್ಲು. ನಾನು ಬೇಡ ಅಂದೆ. ನಮ್ಮನ್ನ ಹಿಂಗೇ ಒಪ್ಪಬೇಕು ಅಂತ ನಂಗೆ ಹಟ. ಕಾಯಿ ಅಂತ ನೀನು ಹೇಳಿದ್ದೆ. ಕಾಯಲಿಲ್ಲ. ಅವ್ವನ್ನ ಆ ಅಂಗಳದಲ್ಲಿ ನಿಲ್ಲಿಸಿದ್ದು ನಾನೇ ಸ್ನೇಹ. ಅದನ್ನ ಯಾರ ಹತ್ರಾನೂ ಹೇಳಿರಲಿಲ್ಲ.”

“ನಿನ್ನ ತಪ್ಪು ನನ್ನದನ್ನ ಮುಚ್ಚಲ್ಲ ಕನಕ.”

“ಮುಚ್ಚಲ್ಲ... ನಿನ್ನೆ ಒಂದು ಸುಳ್ಳು ಹೇಳಿದ್ರೆ ನಾನು ನಿನ್ನೋನಾಗ್ತಿದ್ದೆ. ಯಾಕೆ ಹೇಳ್ಲಿಲ್ಲ?”

“ಒಂದು ಸುಳ್ಳಿಗೆ ಹದಿನಾಲ್ಕು ವರ್ಷ ಹೋಯ್ತು. ಇನ್ನೊಂದನ್ನ ಹೊತ್ಕೊಳ್ಳೋ ವಯಸ್ಸಲ್ಲ ನಂದು.”

ಗಾಳಿ ಜೋರಾಗಿ ಬೀಸಿತು. ಅವನು ಅವಳ ಎದುರಿಗೆ ಬಂದು ಗಾಳಿಗೆ ಅಡ್ಡ ನಿಂತ.

“ನಿನ್ನ ಮರೆತಿಲ್ಲ ಕಣೇ. ಸಿಟ್ಟಲ್ಲೂ ಮರೆಯೋಕಾಗಲ್ಲ. ಆದ್ರೆ ಕ್ಷಮಿಸೋದು ನನ್ನ ಕೈಲಿಲ್ಲ.”

“ಗೊತ್ತು,” ಎಂದಳು. “ನಿಮ್ಮವ್ವನ ಹತ್ರಾನೇ ಹೋಗ್ತೀನಿ.”

ತಿಂಗಳು ಕಳೆದು ಅವನು ಊರಿಗೆ ಬಂದ ವಾರ, ಸ್ನೇಹಲತಾ ತಾಯಿಯ ಜೊತೆ ಹಾಸನದಲ್ಲಿ ಬಸ್ಸು ಬದಲಿಸಿ ದೊಡ್ಡಗದ್ದವಳ್ಳಿಗೆ ಹೋದಳು. ಬೀರಮ್ಮ ಹಟ್ಟಿಯ ಮುಂದೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕನಕರಾಜು ಬಾಗಿಲಲ್ಲೇ ನಿಂತ, ಮುಂದೆ ಬರಲಿಲ್ಲ.

“ನಾನು ಹಳ್ಳಿಮೈಸೂರಿನ ಪುಟ್ಟರಾಜು ಅವರ ಮಗಳು...”

ಮೊರ ನಿಂತಿತು. ಬೀರಮ್ಮ ತಲೆ ಎತ್ತಲಿಲ್ಲ.

ಸ್ನೇಹಲತಾ ಮಣ್ಣಿನ ನೆಲದ ಮೇಲೆ ಅವಳೆದುರು ಕೂತಳು. “ಅವತ್ತು ನಿಮ್ಮ ಮಗ ನಂಗೆ ಗೊತ್ತಿತ್ತು ಅವ್ವ. ನಿಮ್ಮನ್ನ ನೋಡಿ ನಾಚಿಕೆಪಟ್ಟು ಗೊತ್ತಿಲ್ಲ ಅಂದೆ. ನೀವು ಮನೆ ತಪ್ಪಿ ಬಂದಿರಲಿಲ್ಲ...”

“ನಂದೂ ತಪ್ಪಾಯ್ತು ಕಣವ್ವ,” ಎಂದರು ಕಾಮಾಕ್ಷಮ್ಮ, ನಿಂತಲ್ಲೇ ಕೈ ಮುಗಿದು.

ಬೀರಮ್ಮ ರಾಗಿಯ ಮೇಲೆ ಕೈಯಾಡಿಸಿದಳು.

“ನಂಗೇನ್ ಅಂದ್ರೋ ಅದ್ನ ಅವತ್ತೇ ಬುಟ್ಟೆ. ಬಸ್ಸಲ್ಲಿ ಬರೋವಾಗ ನನ್ ಮಗ ಒಂದ್ ಮಾತೂ ಆಡ್ಲಿಲ್ಲ, ಕಲ್ ಕುಂತಂಗೆ ಕುಂತಿದ್ದ. ಅದ್ಕೆ ನಿನ್ ಮ್ಯಾಲೆ ಸಿಟ್ಟಿತ್ತು. ಎಲ್ಲಾ ಓಯ್ತು ಅಂತ ಸುಳ್ಳೇಳಕ್ಕಿಲ್ಲ... ಆದ್ರೆ ಸಿಟ್ಟು ಮಡಿಕಳಕ್ಕೂ ಮೈಯಲ್ಲಿ ಕಸುವಿರಬೇಕಲ್ಲವ್ವ, ನಂಗೆ ವಯಸ್ಸಾಯ್ತು.” ಕಾಮಾಕ್ಷಮ್ಮನ ಕಡೆ ನೋಡಿದಳು. “ನಿಂತೇ ಇದ್ದೀರಲ್ಲ, ಕುಂತ್ಕಳಿ. ಮುದ್ದೆಗೆ ನೀರಿಡ್ತೀನಿ.”

ಅಡಿಗೆ ಆಗುವವರೆಗೆ ಸ್ನೇಹಲತಾ, ಕನಕರಾಜು ಇಬ್ಬರೂ ಗುಡಿಯ ಪಕ್ಕದ ಕೆರೆ ಏರಿಯ ಮೇಲೆ ಕೂತರು.

“ಅವ್ವ ಒಪ್ಪಿದ್ಲಾ?” ಕೇಳಿದ.

“ಪೂರ್ತಿ ಇಲ್ಲ. ನೀನು ಈಚೆ ಬಂದ್ಮೇಲೆ, ಮುಂದಿನ ಸೋಮವಾರ ಮತ್ತೆ ಬಾ ಅಂದ್ರು.”

“ಬರ್ತೀಯಾ?”

“ಅವರು ಕರೆದಷ್ಟು ಸಲ ಬರ್ತೀನಿ.”

ಅವನು ನಕ್ಕ. “ಅಷ್ಟರಲ್ಲಿ ನನ್ನ ತಲೆ ಪೂರ್ತಿ ಬೆಳ್ಳಗಾಗಿರುತ್ತೆ ನೋಡು.”

ಸ್ನೇಹಲತಾ ಅವನ ಕಿವಿಯ ಪಕ್ಕದ ನೆರೆಗೂದಲನ್ನು ಮೆಲ್ಲಗೆ ಮುಟ್ಟಿದಳು. ಅವಳ ಕಣ್ಣು ತುಂಬಿ ಬಂತು.

“ಇದು ಒಂದೊಂದಾಗಿ ಬೆಳ್ಳಗಾಗೋದನ್ನ ನಾನು ಪಕ್ಕದಲ್ಲಿದ್ದು ನೋಡಬೇಕಿತ್ತು ಕನಕ...”

ಅವನು ಆ ಕೈಯನ್ನು ಹಿಡಿದುಕೊಂಡ, ಬಿಡಲಿಲ್ಲ.

“ಬಾ,” ಎಂದ. “ಅವ್ವ ಊಟಕ್ಕೆ ಕರೀತಾವ್ಳೆ.”