ದನಿ ಹೋದದ್ದೆಲ್ಲಿಗೆ?

ಸ್ಫ್ಯಾಕ್ಸ್ ನಗರದ ಅಂಧರ ವಾಚನಾಲಯದಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಕಂಪ್ಯೂಟರಿನ ದನಿ ನಿಂತುಹೋಯಿತು — ವಾಕ್ಯದ ನಡುವೆಯೇ.

ರೌದಾ ಕಾದಳು. ಹುಟ್ಟು ಕುರುಡಿಯಾದ ಆಕೆಗೆ ಪರದೆಯನ್ನು ಓದಿ ಹೇಳುವ ಆ ದನಿಯೇ ಕಣ್ಣು. ವಾಲ್ಯೂಮ್ ಏರಿಸುವ ಕೀಲಿ ಒತ್ತಿದಳು. ಮೌನ. ದನಿ ಅಡಗಿಸುವ ಕೀಲಿಯನ್ನು ಎರಡು ಸಲ ಒತ್ತಿದಳು. ಆಗಲೂ ಮೌನ.

ಹತ್ತು ಗಂಟೆಗೆ ಗಾಬೆಸ್ ಊರಿನಿಂದ ಆರು ಜನ ಅಂಧ ಹೆಂಗಸರು ಮೊದಲ ಪಾಠಕ್ಕೆ ಬರುವವರಿದ್ದರು. ಅವರನ್ನು ಮನೆಯಿಂದ ಹೊರಡಿಸಲು ರೌದಾ ಮೂರು ತಿಂಗಳು ಅವರ ಗಂಡಂದಿರನ್ನೂ ಅತ್ತೆಯರನ್ನೂ ಕಾಡಿ ಬೇಡಿದ್ದಳು. ಮೂಕ ಯಂತ್ರ ಕಂಡು ಹಿಂದಿರುಗಿದರೆ ಮತ್ತೆ ಬರುವುದುಂಟೆ?

ಅಲ್ಲಿ ಇನ್ನಿಬ್ಬರೇ ಇದ್ದರು. ನೆಲ ಒರೆಸುವ ಮಬ್ರೂಕಾ, ಕೀಲಿಮಣೆಯ ಮೇಲೆ ಒದ್ದೆ ಬಟ್ಟೆ ಆಡಿಸಿದ್ದು ನಿಜವೆಂದು ಒಪ್ಪಿಕೊಂಡಳು. ಆಗಷ್ಟೇ ಕೆಲಸಕ್ಕೆ ಬಂದಿದ್ದ ಗುಮಾಸ್ತ ಮೋನ್ಸೆಫ್‌ನ ತೀರ್ಪು ಸಿದ್ಧವಾಗಿತ್ತು: ಪುಕ್ಕಟೆ ಸಿಕ್ಕಿತೆಂದು ಲಿನಕ್ಸ್ ತಂತ್ರಾಂಶ ಹಾಕಿಸಿಕೊಂಡರೆ ಹೀಗೇ ಆಗುವುದು, ಅದರ ಮೇಲೆ ನೀರು ಬೇರೆ. ಮಬ್ರೂಕಾ ಮೂಗೆಳೆದುಕೊಂಡದ್ದು ರೌದಾಗೆ ಕೇಳಿಸಿತು.

"ಅಳಬೇಡ. ಪರದೆ ನೋಡು. ಈ ಕೀಲಿ ಒತ್ತಿದ್ರೆ ಏನಾದ್ರೂ ಕಾಣ್ತದಾ?"

"ಒಂದು ಪಟ್ಟಿ ಬರ್ತದೆ ಅಮ್ಮಾವ್ರೇ. ಒತ್ತಿದ ಹಾಗೆ ಉದ್ದ ಆಗ್ತದೆ."

"ಈಗ?" ರೌದಾ ಇಳಿಸುವ ಕೀಲಿ ಒತ್ತಿದಳು.

"ಗಿಡ್ಡ ಆಯ್ತು."

"ಪಟ್ಟಿ ಮೇಲೆ ಏನಾದ್ರೂ ಬರೆದಿದೆಯಾ?"

ಮಬ್ರೂಕಾಗೆ ಓದು ಬಾರದು. ಮೋನ್ಸೆಫ್ ಬಗ್ಗಿ ನೋಡಿದ. ಹರಕು ಬಾಯಿಯ ಮನುಷ್ಯ, ಈಗ ತುಟಿ ಬಿಚ್ಚಲಿಲ್ಲ.

ರೌದಾ ಫ್ಯಾನ್ ನಿಲ್ಲಿಸಲು ಹೇಳಿದಳು. ಏರಿಸುವ ಕೀಲಿಯನ್ನು ಕೊನೆಯವರೆಗೂ ಒತ್ತಿದಳು. ಯಾವುದೋ ಒಂದು ಪುಟ ಓದಲು ಯಂತ್ರಕ್ಕೆ ಆಜ್ಞೆ ಕೊಟ್ಟು, ಎದ್ದು, ಎಲ್ಲೋ ಕೇಳಿದ ಸಣ್ಣ ಸದ್ದಿನ ಜಾಡು ಹಿಡಿದು ಬಾಗಿಲ ಕಡೆಗೆ ನಡೆದಳು. ಗೂಟಕ್ಕೆ ತೂಗುಹಾಕಿದ್ದ ಕೋಟಿನ ಜೇಬಿಗೆ ಕೈಹಾಕಿದಳು. ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ಕಂಪ್ಯೂಟರು ಅಲ್ಲಿ ಓದುತ್ತಲೇ ಇತ್ತು — ತಂತಿಯಿಲ್ಲದ ಹೆಡ್‌ಫೋನಿನೊಳಗೆ.

"ಕೋಟು ನಿಮ್ದೇ ಅಲ್ವಾ, ಮೋನ್ಸೆಫ್ ಸಾಹೇಬ್ರೇ?"

ಅವನದೇ. ಶನಿವಾರ ಮಧ್ಯಾಹ್ನ ಊರಿನ ತಂಡದ ಪಂದ್ಯ ಕೇಳಲು ಅದನ್ನು ಆಕೆಯ ಕಂಪ್ಯೂಟರಿಗೆ ಜೋಡಿಸಿದ್ದನಂತೆ. ಇವತ್ತು ದಾರಿಯುದ್ದಕ್ಕೂ ಹಾಡು ಕೇಳುತ್ತ ಬಂದು, ಆರಿಸಲು ಮರೆತು ಜೇಬಿಗೆ ಹಾಕಿದ್ದ. ಹಳೆಯ ನಂಟು ನೆನಪಿದ್ದ ಯಂತ್ರ ದನಿಯನ್ನೆಲ್ಲ ಅಲ್ಲಿಗೆ ಹರಿಸಿತ್ತು.

"ನೀರು ಹೊಕ್ಕಿದ್ರೆ ಪಟ್ಟಿ ಯಾಕೆ ಅಲುಗಾಡಬೇಕು?" ಎಂದಳು ರೌದಾ. "ಕೀಲಿ ಕೆಲಸ ಮಾಡ್ತಿತ್ತು, ಏರ್ತಿದ್ದದ್ದು ಬೇರೆ ಕಡೆಯ ದನಿ. ಹೆಡ್‌ಫೋನಿನ ಹೆಸರು ಪರದೆ ಮೇಲೇ ಇತ್ತು. ಕಣ್ಣಿದ್ದವರು ನೀವು, ಓದಿ ಹೇಳಲಿಲ್ಲ."

ಅವನು ಹೆಡ್‌ಫೋನ್ ಆರಿಸಿದ. ದನಿ ಸ್ಪೀಕರಿಗೆ ಮರಳಿ ಕೋಣೆ ತುಂಬಿತು. ಮಬ್ರೂಕಾಳ ಕ್ಷಮೆ ಕೇಳಿದ. ಬಾದಾಮಿ ಹಾಕಿದ ಚಹಾವನ್ನು ಎಲ್ಲರಿಗೂ ತಾನೇ ತರುವೆನೆಂದು ಹೊರಟ.

ಹತ್ತಕ್ಕೆ ಹೆಂಗಸರು ಬಂದರು. ಜಾಝಿಯಾ ಎಂಬಾಕೆ ತಡವರಿಸುತ್ತ ತನ್ನ ಹೆಸರನ್ನು ಒತ್ತಿದಳು. ಯಂತ್ರ ಅದನ್ನು ನುಡಿಯಿತು. ಆಕೆ ಕೇಳಿದ್ದು ಒಂದೇ: ಜೋರು ಮಾಡುವ ಕೀಲಿ ಯಾವುದು? ಜೊತೆಗೆ ಬಂದು ಹೊರಗೆ ಕೂತ ಅತ್ತೆಗೂ ಕೇಳಿಸಬೇಕಿತ್ತು.