ಇನ್ನೊಂದು ಟೇಕ್

"ಅಂಕಲ್, ಆ ಪೊಟ್ಟಣ ಒಮ್ಮೆ ವಾಪಸ್ ಕೊಡ್ತೀರಾ? ಇನ್ನೊಂದು ಸಲ ಕೊಡ್ಬೇಕು."

ಪಿಕಪ್ ಗಾಡಿಯ ಕಿಟಕಿಗೆ ಕೈ ಚಾಚಿ ವಿಸ್ಮಯಾ ಕೇಳಿದಳು. ಅಮ್ಮ-ಮಗಳ ಕನ್ನಡ ಕೇಳಿ, "ನಾನೂ ಊರಿನವನೇ, ಉಳ್ಳಾಲ," ಎಂದು ಡ್ರೈವರ್ ಅಂಕಲ್ ಆಗಲೇ ಹೇಳಿಯಾಗಿತ್ತು. ಅವರು ಪೊಟ್ಟಣವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಸುಮ್ಮನೆ ವಾಪಸ್ ಕೊಟ್ಟರು.

ಸೌದಿಯ ಅಲ್ ಖೋಬರ್‌ನ ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಿತ್ತು. ರಂಝಾನ್ ತಿಂಗಳ ಸಂಜೆ. ಉಪವಾಸ ಬಿಡುವ ಹೊತ್ತಿಗೆ ಮನೆ ಮುಟ್ಟಲಾಗದವರಿಗೆಂದು ಹುಡುಗರು ಗಾಡಿಯಿಂದ ಗಾಡಿಗೆ ಓಡಿ ಇಫ್ತಾರ್ ಪೊಟ್ಟಣ ಕೊಡುತ್ತಿದ್ದರು. ಅವರ ಹತ್ತಿರ ಪೆಟ್ಟಿಗೆಗಟ್ಟಲೆ ಇದ್ದವು.

ವಿಸ್ಮಯಾಳ ಹತ್ತಿರ ಇದ್ದದ್ದು ಒಂದೇ. "ವಿಡಿಯೋಗೆ ಒಂದು ಸಾಲದಾ?" ಎಂದಿದ್ದರು ಅಮ್ಮ ನಳಿನಾಕ್ಷಿ. ಪೊಟ್ಟಣದ ಒಳಗೆ ಖರ್ಜೂರ, ನೀರು, ಸಮೋಸಾ. ಹೊರಗೆ ಅಂಗೈಯಗಲದ ಸ್ಟಿಕ್ಕರ್. ಅದರಲ್ಲಿ ವಿಸ್ಮಯಾಳ ಹೆಸರು, ಕ್ಲಾಸು, ಸೆಕ್ಷನ್ನು, ಜೊತೆಗೊಂದು ಕೆಂಪು ಹೃದಯ.

ಶಾಲೆಯಲ್ಲಿ ಕೈಂಡ್‌ನೆಸ್ ವೀಕ್ ನಡೆಯುತ್ತಿತ್ತು; ದಯೆಯ ಕೆಲಸ ಮಾಡಿದವರಿಗೆ ಒಂದು ಸ್ಟಾರ್. "ನೋ ವಿಡಿಯೋ, ನೋ ಸ್ಟಾರ್," ಎಂದು ಮಾನಸ ಮ್ಯಾಮ್ ಹೇಳಿದ್ದರು. ಅವಳ ಕ್ಲಾಸಿನ ಅಕ್ಷಯ್, ಮಾಲ್‌ನಲ್ಲಿ ಗಿಡವೊಂದಕ್ಕೆ ನೀರು ಹಾಕಿ ಸ್ಟಾರ್ ಪಡೆದಿದ್ದ. ಗಿಡ ಪ್ಲಾಸ್ಟಿಕ್ಕಿನದು. ವಿಡಿಯೋದಲ್ಲಿ ಅದು ಗೊತ್ತಾಗುತ್ತಿರಲಿಲ್ಲ.

ಸ್ಟಾರ್ ಇಲ್ಲದೆ ಉಳಿದವಳು ವಿಸ್ಮಯಾ ಒಬ್ಬಳೇ. "ಕ್ಲಾಸಲ್ಲಿ ಕೈಂಡ್ ಅಲ್ಲದವಳು ನೀನೊಬ್ಳೇ," ಎಂದು ಅಕ್ಷಯ್ ಛೇಡಿಸಿದ್ದ. ನಾಳೆಯೇ ಕೊನೆಯ ದಿನ.

ಅಮ್ಮ ಫುಟ್‌ಪಾತಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದರು.

"ರೆಡಿ. ಕೊಡು. ನಗು. ನೀವೂ ಸ್ವಲ್ಪ ನಗಿ ಮಾರಾಯ್ರೆ, ಬೇಸರದಲ್ಲಿ ತಕ್ಕೊಂಡ ಹಾಗೆ ಕಾಣ್ತದೆ."

"ಬೇಸರ ಅಲ್ಲ ಅಕ್ಕ, ಹಸಿವು," ಎಂದು ಅಂಕಲ್ ನಕ್ಕರು. ಆ ನಗು ವಿಡಿಯೋದಲ್ಲಿ ಬಹಳ ಚೆನ್ನಾಗಿ ಬಂತು.

ಅಷ್ಟರಲ್ಲಿ ಮಸೀದಿಯಿಂದ ಉಪವಾಸ ಬಿಡುವ ಬಾಂಗ್ ಕೇಳಿತು. ಅಂಕಲ್ ಪೊಟ್ಟಣ ಬಿಚ್ಚಲು ಕೈ ಹಾಕಿದರು.

"ಒಂದು ನಿಮಿಷ, ಒಂದು ನಿಮಿಷ," ಅಮ್ಮ ತಡೆದರು. "ಸ್ಟಿಕ್ಕರ್ ಕಾಣ್ಲಿಲ್ಲ. ವಿಸ್ಮಯಾ, ತಕ್ಕೋ. ತಿರುಗಿಸಿ ಕೊಡು."

ಅಂಕಲ್ ಮತ್ತೆ ವಾಪಸ್ ಕೊಟ್ಟರು. ವಿಸ್ಮಯಾ ಹೃದಯವನ್ನು ಮುಂದಕ್ಕೆ ತಿರುಗಿಸಿದಳು. ಅಮ್ಮ ದುಪಟ್ಟಾದ ತುದಿಯಿಂದ ಕ್ಯಾಮೆರಾ ಒರೆಸಿದರು.

ಹಸಿರು ದೀಪ ಬಿತ್ತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. "ಯಲ್ಲಾ, ಯಲ್ಲಾ," ಎಂದು ಯಾರೋ ಅರಬಿಯಲ್ಲಿ ಅವಸರಪಡಿಸಿ ಕೂಗಿದರು.

"ಹೋಗ್ಬೇಕು ಮಗಾ. ನಿನ್ನ ವಿಡಿಯೋ ಬಂತಲ್ಲ?" ಎಂದರು ಅಂಕಲ್. ಪಿಕಪ್ ಹೊರಟುಹೋಯಿತು.

ಪೊಟ್ಟಣ ವಿಸ್ಮಯಾಳ ಕೈಯಲ್ಲೇ ಇತ್ತು.

"ಅಮ್ಮಾ, ಅವರು..."

"ಅವರು ನಕ್ಕದ್ದೇ ಚೆಂದ ಬಂದಿದೆ. ಸಾಕು. ಹೃದಯ ಬೇಕಾದ್ರೆ ಎಡಿಟ್ ಮಾಡಿ ಹಾಕುವ."

ಮನೆಯಲ್ಲಿ ಅಪ್ಪ ಆ ಸಮೋಸಾ ತಿಂದರು. "ಯಾರು ಕೊಟ್ಟದ್ದು? ಒಳ್ಳೆದುಂಟು," ಎಂದರು.

ಮರುದಿನ ಕ್ಲಾಸಿನ ಪರದೆಯ ಮೇಲೆ ಮೆಲ್ಲಗೆ ಪಿಯಾನೋ ನುಡಿಯಿತು. ಪುಟ್ಟ ಕೈ ಚಾಚಿತು, ಪೊಟ್ಟಣ ಕಿಟಕಿಯೊಳಗೆ ಹೋಯಿತು, ಅಂಕಲ್ ನಕ್ಕರು. ಕೊನೆಗೆ ಕೆಂಪು ಹೃದಯ ಗಿರಗಿರ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಲುಕ್ ಅಟ್ ಹಿಸ್ ಸ್ಮೈಲ್," ಎಂದು ಮಾನಸ ಮ್ಯಾಮ್ ವಿಸ್ಮಯಾಳ ಎದೆಗೆ ಸ್ಟಾರ್ ಅಂಟಿಸಿದರು. ಅದು ಅಕ್ಷಯನದಕ್ಕಿಂತ ದೊಡ್ಡದಿತ್ತು.

ಪಕ್ಕದಲ್ಲಿ ಕೂತಿದ್ದ ಸಮೀಹಾ ಈ ವರ್ಷವೇ ಉಪವಾಸ ಶುರು ಮಾಡಿದ್ದಳು. ಅವಳು ಬಗ್ಗಿ ಕೇಳಿದಳು, "ಅವ್ರು ಫಸ್ಟ್ ಎಂತ ತಕ್ಕೊಂಡ್ರು? ಖರ್ಜೂರವಾ, ನೀರಾ? ನಂಗೆ ಯಾವಾಗ್ಲೂ ಮೊದ್ಲು ನೀರೇ ಬೇಕಾಗ್ತದೆ."

ವಿಸ್ಮಯಾ ಸ್ಟಾರ್ ಮೇಲೆ ಕೈ ಇಟ್ಟುಕೊಂಡು ಕೂತಳು.

ಸಂಜೆ ಅವಳು ಪೊಟ್ಟಣದ ಸ್ಟಿಕ್ಕರ್ ಕಿತ್ತಳು. ಪೂರ್ತಿ ಬರಲಿಲ್ಲ. ಅರ್ಧ ಹೃದಯ ಅಲ್ಲೇ ಉಳಿಯಿತು.

"ಅಮ್ಮ, ಸಿಗ್ನಲ್ಲಿಗೆ ಹೋಗುವ."

"ಇನ್ನೆಂತಕ್ಕೆ? ಸ್ಟಾರ್ ಸಿಕ್ಕಿತಲ್ಲ?"

"ನಾವು ಅವರಿಗೆ ಕೊಡ್ಲೇ ಇಲ್ಲ ಅಮ್ಮ."

ಅಮ್ಮ ಫ್ರಿಜ್ಜಿನ ಬಾಗಿಲು ತೆರೆದರು. ಮತ್ತೆ ಎರಡು ಸಮೋಸಾ ಬಿಸಿ ಮಾಡಿ ಪೊಟ್ಟಣಕ್ಕೆ ಹಾಕಿದರು. ಅಭ್ಯಾಸಬಲದಿಂದ ಮೊಬೈಲನ್ನೂ ತೆಗೆದುಕೊಂಡರು.

ಸಿಗ್ನಲ್ಲಿನಲ್ಲಿ ಎಷ್ಟು ಹುಡುಕಿದರೂ ಉಳ್ಳಾಲದ ಅಂಕಲ್‌ನ ಪಿಕಪ್ ಕಾಣಲಿಲ್ಲ. ಬಾಂಗ್ ಶುರುವಾಯಿತು. ಫುಟ್‌ಪಾತಿನ ಪಕ್ಕದ ಕಾರೊಂದರ ಕಿಟಕಿ ತುಸು ಇಳಿದಿತ್ತು. ವಿಸ್ಮಯಾ ಓಡಿಹೋಗಿ ಪೊಟ್ಟಣ ಒಳಗೆ ತುರುಕಿದಳು.

"ತಡಿ ತಡಿ, ಈ ಕಡೆ ತಿರುಗು," ಎಂದು ಅಮ್ಮ ಹಿಂದಿನಿಂದ ಕೂಗಿದರು.

ವಿಸ್ಮಯಾ ತಿರುಗಲಿಲ್ಲ. ಕಿಟಕಿಯೊಳಗೇ ನೋಡುತ್ತಾ ನಿಂತಳು. ಹಸಿರು ಬಿದ್ದು ಕಾರು ಹೋಯಿತು.

"ನಿನ್ನ ಬೆನ್ನು ಮಾತ್ರ ಬಂದದ್ದು," ಅಮ್ಮ ಮೊಬೈಲ್ ನೋಡುತ್ತಾ ಗೊಣಗಿದರು. "ಯಾರಿಗೆ ಕೊಟ್ಟದ್ದು ಅಂತಲೂ ಗೊತ್ತಾಗುದಿಲ್ಲ."

"ಖರ್ಜೂರ ಅಮ್ಮ," ಎಂದಳು ವಿಸ್ಮಯಾ. "ಅವರು ಮೊದ್ಲು ಖರ್ಜೂರ ತಿಂದ್ರು."